ದೆನಿಜ್ಲಿಯ ದೊಡ್ಡತಾಯಮ್ಮ

ಕ್ಯಾಲಿಫೋರ್ನಿಯಾದ ಸನ್ನಿವೇಲ್ ದೇವಸ್ಥಾನದ ಅಡಿಗೆಮನೆಗೆ ಶನಿವಾರ ಚಪಾತಿ ಲಟ್ಟಿಸಲು ಬರುತ್ತಿದ್ದ ಏಳೆಂಟು ಹೆಂಗಸರಲ್ಲಿ ಪರದೇಶದಲ್ಲಿ ನಿಜವಾಗಿ ಬಾಳಿ ಬಂದವರು ದೊಡ್ಡತಾಯಮ್ಮ ಒಬ್ಬರೇ. ಮಿಕ್ಕ ನಾವೆಲ್ಲ ಅಪಾರ್ಟ್‌ಮೆಂಟಿನಿಂದ ಫ್ರೀವೇಗೆ, ಫ್ರೀವೇಯಿಂದ ಗ್ರೋಸರಿಗೆ ಓಡಾಡಿಕೊಂಡು ಅಮೆರಿಕ ನೋಡಿಬಿಟ್ಟೆವು ಅಂದುಕೊಂಡಿದ್ದವರು. ಆಗ ಈ ಮಾತನ್ನು ಯಾರಾದರೂ ನನಗೆ ಹೇಳಿದ್ದರೆ ಮೈಯೆಲ್ಲ ಉರಿದುಹೋಗುತ್ತಿತ್ತು.

ದೊಡ್ಡತಾಯಮ್ಮ ಮಂಡ್ಯ ಕಡೆಯವರು, ಐವತ್ತು ದಾಟಿದ ವಿಧವೆ. ಲಾಸ್ ಆಲ್ಟೋಸಿನಲ್ಲಿದ್ದ ಜಯರಾಮ್ ಮತ್ತು ಸಂಯುಕ್ತಾ ಅವರ ಮನೆಯಲ್ಲಿ ಅಡಿಗೆಗಿದ್ದರು. ಜಯರಾಮ್ ಅದಕ್ಕೆ ಮೊದಲು ನೂಲಿನ ಗಿರಣಿಗಳಲ್ಲಿ ಯಂತ್ರ ಕೂರಿಸುವ ಕೆಲಸದ ಮೇಲೆ ಟರ್ಕಿಯ ದೆನಿಜ್ಲಿ ಎಂಬ ಊರಿನಲ್ಲಿ ನಾಲ್ಕು ವರ್ಷ ಇದ್ದ. ಹೋಗುವಾಗಲೇ ಅಡಿಗೆಗೆಂದು ಇವರನ್ನೂ ಕರೆದುಕೊಂಡು ಹೋಗಿದ್ದರು. ತೊಂಬತ್ತೊಂಬತ್ತರಲ್ಲಿ ಯಾರೋ ಬಟ್ಟೆ ವ್ಯಾಪಾರವನ್ನೆಲ್ಲ ಇಂಟರ್ನೆಟ್ಟಿಗೆ ತರುತ್ತೇವೆಂದು ಕಂಪನಿ ತೆರೆದು ಅವನನ್ನು ಇಲ್ಲಿಗೆ ಕರೆಸಿಕೊಂಡರು. ಆ ದಿನಗಳಲ್ಲಿ ಇಲ್ಲಿ ಮೂರು ಜನ ಕೂತು ಕಾಫಿ ಕುಡಿದರೆ ಒಂದು ಡಾಟ್ ಕಾಮ್ ಹುಟ್ಟುತ್ತಿತ್ತು. ದೇವಸ್ಥಾನದ ಪ್ರಸಾದದ ಸಾಲಿನಲ್ಲೂ ಸ್ಟಾಕ್ ಆಪ್ಷನ್ನಿನ ಮಾತೇ.

ದೆನಿಜ್ಲಿಯ ಬಗ್ಗೆ ಸಂಯುಕ್ತಾಳನ್ನು ಕೇಳಿದರೆ ಮೂಗು ಮುರಿಯುತ್ತಿದ್ದಳು. ಟವೆಲು ನೇಯುವ ಊರಂತೆ, ಇಂಗ್ಲಿಷ್ ಬರುವವರು ಒಬ್ಬರಿಲ್ಲವಂತೆ, ನಾಲ್ಕು ವರ್ಷ ಜೈಲಿನಲ್ಲಿದ್ದಂತಿತ್ತಂತೆ. ದೊಡ್ಡತಾಯಮ್ಮನನ್ನು ಕೇಳಿದರೆ ಅದು ಬೇರೆಯೇ ಊರು. ಒಡತಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾಗ ಸಂತೆಗೆ ಹೋದವರು ಇವರು, ತರಕಾರಿಯವನ ಜೊತೆ ಚೌಕಾಸಿ ಮಾಡಿ ಆ ಭಾಷೆ ಕಲಿತವರು ಇವರು. ಕೈಗೆ ಬರುತ್ತಿದ್ದ ಚೂರುಪಾರು ಕಾಸಿನಲ್ಲೇ ಅಲ್ಲಿ ಚೀಲ ತುಂಬ ಟೊಮೆಟೊ, ಬದನೆಕಾಯಿ, ಅಂಜೂರ ಬರುತ್ತಿತ್ತು. ಬಸ್ಸು ಹತ್ತಿ ಬಿಸಿನೀರಿನ ಬುಗ್ಗೆಗೆ ಹೋಗಿ ಕಾಲು ಇಳಿಬಿಟ್ಟುಕೊಂಡು ಕೂತು ಬರುವುದಕ್ಕೂ ಆಗುತ್ತಿತ್ತು. ಕೆಳಮನೆಯ ಹತಿಜೆ ಎಂಬಾಕೆ, ಈಕೆಯ ವಾರಿಗೆಯವಳೇ, ಸಂತೆಯಲ್ಲಿ ಸೊಪ್ಪು ತುಂಬಿದ ರೊಟ್ಟಿ ಸುಟ್ಟು ಮಾರುತ್ತಿದ್ದಳು. ಬಿಡುವಿದ್ದ ದಿನ ಇವರು ಅವಳ ಪಕ್ಕ ಕೂತು ಹಿಟ್ಟು ಲಟ್ಟಿಸುತ್ತಿದ್ದರು.

ಒಂದು ಶನಿವಾರ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ದೊಡ್ಡತಾಯಮ್ಮ ನನಗೆ ಹೇಳಿದರು: "ಅವ್ರ ಹಬ್ಬದ್ ದಿನ ಬೀದಿ ಮಕ್ಳೆಲ್ಲ ಬಂದು ನನ್ ಕೈಗೆ ಮುತ್ತಿಟ್ಟು ಹಣೆಗೆ ಒತ್ಕತಿದ್ವು ಕನಮ್ಮಾ. ಈ ಕೈಗೆ."

ಲಾಸ್ ಆಲ್ಟೋಸಿನ ಮನೆಯಲ್ಲಿ ಅದೇ ಕೈ ಎಲ್ಲರ ಊಟವಾದ ಮೇಲೆ ತಟ್ಟೆಗೆ ಹೋಗುತ್ತಿತ್ತು. ಆ ಬೀದಿಯಲ್ಲಿ ನಡೆಯುವವರಿಲ್ಲ, ಬಸ್ಸಿಲ್ಲ, ಮಾತಾಡಿಸುವವರಿಲ್ಲ. ದೆನಿಜ್ಲಿಯಲ್ಲಿ ಅವರ ಕೋಣೆಗೆ ಅವರದೇ ಬೀಗ ಇತ್ತು. ಇಲ್ಲಿ ಮಲಗುತ್ತಿದ್ದುದು ಬಟ್ಟೆ ಒಗೆಯುವ ಯಂತ್ರದ ಪಕ್ಕ. ಮನೆಯ ಮಗು ಲಾಸ್ಯಾಗೆ ಕೈತುತ್ತು ತಿನ್ನಿಸಿ ಬೆಳೆಸಿದ್ದರು. ಅದೂ ಈಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು. ಎಲ್ಲರೂ ಅವರನ್ನು ನೀನು, ಅವಳು ಅನ್ನುವಾಗ ನಾನೊಬ್ಬಳು ನೀವು ಅನ್ನುತ್ತಿದ್ದೆ. ಅಷ್ಟಕ್ಕೇ ನಾನು ದೊಡ್ಡ ಮನಸ್ಸಿನವಳು ಅಂದುಕೊಂಡಿದ್ದೆ.

ಎರಡು ಸಾವಿರದ ಜುಲೈನಲ್ಲಿ ದೊಡ್ಡತಾಯಮ್ಮ ಸೆರಗಿನೊಳಗಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು. ಅಂಗಳ ಗುಡಿಸುತ್ತಿದ್ದಾಗ ಅಂಚೆಯವನು ಸೀದಾ ಅವರ ಕೈಗೇ ಕೊಟ್ಟು ಹೋಗಿದ್ದನಂತೆ. ಟರ್ಕಿಯ ಅಂಚೆಚೀಟಿ. ಅವರಿಗೆ ಆ ಭಾಷೆ ಆಡಲು ಬರುತ್ತಿತ್ತು, ಓದಲು ಯಾವ ಭಾಷೆಯೂ ಬರುತ್ತಿರಲಿಲ್ಲ. ಲಾಸ್ ಗ್ಯಾಟೋಸಿನಲ್ಲಿ ರತ್ನಗಂಬಳಿ ಮಾರುವ ಟರ್ಕಿಯ ಮುದುಕನೊಬ್ಬನಿದ್ದ. ಗ್ರೋಸರಿಗೆ ಹೋಗಿ ಬರುತ್ತೇವೆಂದು ಸಂಯುಕ್ತಾಗೆ ಸುಳ್ಳು ಹೇಳಿ ಅಲ್ಲಿಗೆ ಕರೆದುಕೊಂಡು ಹೋದೆ. ನಮ್ಮ ದೊಡ್ಡತಾಯಮ್ಮ ಬಾಯಿ ತೆರೆದದ್ದೇ ತಡ, ಆ ಮುದುಕ ಎದ್ದು ನಿಂತ. ತನ್ನ ಅತ್ತೆ ಮಾತಾಡಿದ ಹಾಗೇ ಇದೆ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, ಪುಟ್ಟ ಲೋಟದಲ್ಲಿ ಹಾಲಿಲ್ಲದ ಟೀ ತಂದುಕೊಟ್ಟ. ಒಂದು ವರ್ಷದಿಂದ ನೋಡುತ್ತಿದ್ದ ಹೆಂಗಸು ಗಟ್ಟಿಯಾಗಿ ನಗುವುದನ್ನು ನಾನು ಆವತ್ತೇ ಕೇಳಿದ್ದು.

ಕಾಗದ ಹತಿಜೆಯದು. ಇದು ಮೂರನೆಯ ಕಾಗದ, ಮೊದಲಿನ ಎರಡಕ್ಕೆ ಉತ್ತರವಿಲ್ಲ, ನಿನಗೆ ಕೋಪವೇ ಎಂದು ಕೇಳಿದ್ದಳು. ಮಂಡಿನೋವು, ಒಬ್ಬಳೇ ಸಂತೆಯಲ್ಲಿ ಕೂರಲಾಗುವುದಿಲ್ಲ. ಹಿಂದಿನ ಕೋಣೆ ಖಾಲಿಯಿದೆ, ಬಂದುಬಿಡು, ರೊಟ್ಟಿ ಇಬ್ಬರೂ ಸೇರಿ ಮಾಡೋಣ. ವೀಸಾದ ಕಾಗದಪತ್ರವನ್ನೆಲ್ಲ ನನ್ನ ಮಗ ನೋಡಿಕೊಳ್ಳುತ್ತಾನೆ. ಬರುತ್ತೇನೆಂದು ಅಲ್ಲೇ ಉತ್ತರ ಬರೆಸಿದೆವು. ಉತ್ತರ ಬರುವುದಕ್ಕೆ ನನ್ನ ವಿಳಾಸ ಕೊಟ್ಟೆ. ಟಿಕೆಟ್ಟು ನನ್ನ ಜವಾಬ್ದಾರಿ ಎಂದೂ ಹೇಳಿದೆ.

ಆಗಸ್ಟಿನಲ್ಲಿ, ಹಬ್ಬಕ್ಕೆ ಮುಂಚಿನ ಶನಿವಾರ, ದೊಡ್ಡತಾಯಮ್ಮ ನನ್ನನ್ನು ಕೇಳಿಕೊಂಡದ್ದು ಒಂದೇ ಒಂದು. "ಒಂದ್ ವಾರ ಬಾಯ್ ಮುಚ್ಕಂಡಿರಿ ರಮಮ್ಮಾರೆ. ವರಮಾಲಕ್ಷ್ಮಿ ಹಬ್ಬುಕ್ಕೆ ಅಮ್ಮಾರು ಒಡವೆ ಪೆಟ್ಗೆ ತೆಗಿತಾರೆ. ನನ್ ಪಾಸ್‌ಪೋಲ್ಟು ಅದ್ರೊಳ್ಗೇ ಅದೆ. ಅದ್ ಕೈಗ್ ಬಂದ್ಬುಟ್ರೆ, ನಾನೇ ಯೋಳ್ಬುಟ್ಟು ಒಯ್ತೀನಿ."

ಒಂದು ವಾರ. ಏಳು ದಿನ. ನನ್ನಿಂದ ಆಗಲಿಲ್ಲ.

ಬುಧವಾರ ಸಂಯುಕ್ತಾ ಫೋನು ಮಾಡಿ ಅರಿಸಿನ ಕುಂಕುಮಕ್ಕೆ ಕರೆದಳು. ನಲವತ್ತು ಜನಕ್ಕೆ ಹೋಳಿಗೆ, ದೊಡ್ಡತಾಯಿ ಇದ್ದಾಳಲ್ಲ, ನನಗೇನು ಚಿಂತೆ ಎಂದಳು. ಅವರ ಮನೆಯಲ್ಲಿ ಕೂತು ಹೋಳಿಗೆ ತಿಂದು, ಅವರಿಗೇ ತಿಳಿಯದ ಹಾಗೆ ಅವರ ಮನೆಯ ಹೆಂಗಸನ್ನು ವಿಮಾನ ಹತ್ತಿಸುವುದು ಯಾವ ಮರ್ಯಾದೆ ಅನ್ನಿಸಿತು. ನಾಳೆ ಕನ್ನಡ ಕೂಟದಲ್ಲಿ ರಮಾ ಅಡಿಗೆಯವಳನ್ನು ಹಾರಿಸಿಕೊಂಡು ಹೋದಳು ಅಂದರೆ ಮುಖ ಎಲ್ಲಿಟ್ಟುಕೊಳ್ಳಲಿ? ನನ್ನ ಗಂಡ ಶೇಷಗಿರಿಯ ರೆಸ್ಯೂಮೆ ಆಗ ಜಯರಾಮನ ಮೇಜಿನ ಮೇಲಿತ್ತು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಈಗ ಏನಾಗಬೇಕು. ನಮ್ಮೋರೇ ತಾನೇ, ಒಂದು ಮಾತು ಹೇಳಿ ಒಪ್ಪಿಸಿದರೆ ಎಲ್ಲ ಸಲೀಸಾಗುತ್ತದೆ ಎಂದು, ನಯವಾಗಿ, ಎಲ್ಲವನ್ನೂ ಹೇಳಿದೆ. ಪಾಸ್‌ಪೋರ್ಟಿನ ಮಾತನ್ನೂ.

ಸಂಯುಕ್ತಾ ಕೂಗಾಡಲಿಲ್ಲ. "ಆ ಟರ್ಕಿ ಲೆಟರ್ಸಾ? ಜಂಕ್ ಮೇಲ್ ಅಂತ ಎಸ್ದಿರ್ಬೇಕು ಕಣೆ. ಹೇಳಿದ್ದು ಒಳ್ಳೇದಾಯ್ತು, ನಾವು ನೋಡ್ಕೋತೀವಿ," ಎಂದಳು. ಫೋನಿಟ್ಟ ಮೇಲೆ ನನಗೆ ಎದೆ ಹಗುರಾಯಿತು. ಥೂ, ಆವತ್ತು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಶುಕ್ರವಾರ ಹೋದಾಗ ಅಡಿಗೆಮನೆಯಲ್ಲಿ ಹೋಳಿಗೆ ಇರಲಿಲ್ಲ, ಹೋಟೆಲಿನಿಂದ ತರಿಸಿದ ಊಟದ ತಟ್ಟೆಗಳಿದ್ದವು. ಬೆಂಗಳೂರಿಗೆ ಹೊರಟಿದ್ದ ಯಾರದೋ ಸಂಸಾರದ ಜೊತೆ ದೊಡ್ಡತಾಯಮ್ಮನನ್ನು ಹಿಂದಿನ ದಿನವೇ ಕಳಿಸಿಬಿಟ್ಟಿದ್ದರು. ಪಾಸ್‌ಪೋರ್ಟು ಆ ಸಂಸಾರದವರ ಕೈಯಲ್ಲಿ. ಪಾಪ, ಊರ ಕಡೆ ಜೀವ ಎಳೀತಿತ್ತು ಎಂದು ಸಂಯುಕ್ತಾ ಬಂದವರಿಗೆಲ್ಲ ಹೇಳುತ್ತಿದ್ದಳು. ಅರಿಸಿನ ಕುಂಕುಮ ತೆಗೆದುಕೊಂಡೆ, ತಾಂಬೂಲ ತೆಗೆದುಕೊಂಡೆ, ಹಸಿರು ರವಿಕೆ ಕಣ ತೆಗೆದುಕೊಂಡು ಮನೆಗೆ ಬಂದೆ.

ಶೇಷಗಿರಿಗೆ ಆ ಕೆಲಸ ಸಿಗಲಿಲ್ಲ. ಸಿಕ್ಕಿದ್ದರೂ ಉಳಿಯುತ್ತಿರಲಿಲ್ಲ, ಮಾರನೆಯ ವರ್ಷ ಆ ಕಂಪನಿಯೇ ಮುಳುಗಿತು.

ಅಕ್ಟೋಬರಿನಲ್ಲಿ ನನ್ನ ವಿಳಾಸಕ್ಕೆ ಹತಿಜೆಯ ಉತ್ತರ ಬಂತು. ಲಾಸ್ ಗ್ಯಾಟೋಸಿನ ಮುದುಕನ ಬಳಿಗೆ ಒಬ್ಬಳೇ ಒಯ್ದೆ. ಕೋಣೆಗೆ ಸುಣ್ಣ ಹೊಡೆಸಿದ್ದಾಳೆ, ಹಾಸಿಗೆಯ ಉಣ್ಣೆ ಬಿಸಿಲಿಗೆ ಹಾಕಿ ಮತ್ತೆ ತುಂಬಿಸಿದ್ದಾಳೆ, ಯಾವ ದಿನದ ಬಸ್ಸಿಗೆ ಬರುತ್ತೀ ಎಂದು ಕೇಳಿದ್ದಾಳೆ. ದೊಡ್ಡತಾಯಮ್ಮ ತಮ್ಮ ಊರಿಗೆ ಹೋಗಿದ್ದಾರೆಂದು ಬರೆಯಿರಿ ಎಂದೆ. ಮುದುಕ ಬರೆದು ತಲೆಯೆತ್ತಿದ. ಹಾಗಾದರೆ ಆ ಊರಿನ ವಿಳಾಸ ಕೊಡಿ, ಹತಿಜೆ ಅಲ್ಲಿಗೇ ಬರೆಯಲಿ, ಅಲ್ಲಿಂದಲೂ ಬರಬಹುದಲ್ಲ ಎಂದ.

ಮಂಡ್ಯ ಎಂದೆ. ಮಂಡ್ಯದಲ್ಲಿ ಎಲ್ಲಿ ಎಂದ. ಅವನ ಅಂಗಡಿಯ ಫೋನಿನಿಂದಲೇ ಸಂಯುಕ್ತಾಗೆ ಫೋನು ಮಾಡಿದೆ.

"ಅವಳ ಊರಾ? ಗೊತ್ತಿಲ್ಲಪ್ಪ. ನಮ್ಮ ಹಳೇ ಡ್ರೈವರ್ ಕಡೆಯಿಂದ ಬಂದೋಳು, ಅವನೂ ಈಗಿಲ್ಲ," ಎಂದು ಹೇಳಿ, ಒಂದು ಕ್ಷಣ ತಡೆದು ಕೇಳಿದಳು: "ನೀನು ಅಷ್ಟು ಕ್ಲೋಸ್ ಇದ್ಯಲ್ಲ, ನೀನು ಕೇಳಿರಲಿಲ್ವಾ?"

ದೆನಿಜ್ಲಿಯ ಆ ಬೀದಿಯ ಹೆಸರು ನನಗೆ ಗೊತ್ತು, ಮನೆಯ ನಂಬರು ಗೊತ್ತು, ಹಿಂದಿನ ಕೋಣೆಯ ಬಾಗಿಲಿಗೆ ನೀಲಿ ಬಣ್ಣವೆಂದು ಗೊತ್ತು. ಮುದುಕ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡುತ್ತಲೇ ಇದ್ದ.