ದೀಪ ಮುಟ್ಟದವಳು, ಮಕ್ಕಳನ್ನು ತೋರಿಸದ ದೊರೆ

ಮಗಳು ನೆಲೆಸಿರುವ ಈ ಪರದೇಶದಲ್ಲಿ ಸತ್ತವರನ್ನೂ ಬಿಡುವುದಿಲ್ಲ. ಐನೂರು ವರ್ಷದ ಹಿಂದೆ ಸತ್ತ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನ ಮೇಲೆ ನನ್ನ ಮೊಮ್ಮಗಳ ಶಾಲೆಯಲ್ಲಿ ಪಾಠಕ್ಕೆಂದು ಖಟ್ಲೆ ಹೂಡಿದ್ದಾರೆ. ಹದಿನೇಳರ ಹುಡುಗಿ ಅವನ ವಿರುದ್ಧ ವಕೀಲಳು. ಅಡುಗೆಮನೆಯ ಗೋಡೆಗೆ ಅವನ ಚಿತ್ರ ಅಂಟಿಸಿದ್ದಳು. ನಮ್ಮಲ್ಲಿ ಗೋಡೆ ಹತ್ತುವವರು ದೇವರು, ಇಲ್ಲವೇ ತೀರಿಕೊಂಡ ಹಿರಿಯರು. ಬಾಡಿಗೆ ಮನೆ, ಮಾಲೀಕರ ಅಜ್ಜನಿರಬೇಕೆಂದು ಹಣೆಗೆ ವಿಭೂತಿ ಹಚ್ಚಿದೆ.

"ಅಜ್ಜೀ, ನೋ! ಅವನು ಮರ್ಡರರ್!" ಎಂದು ಬಿದ್ದುಬಿದ್ದು ನಕ್ಕಳು.

ನಾವಿರುವ ಮೌಂಟ್ ರಾಸ್ಕಿಲ್ ಬಡಾವಣೆಯಲ್ಲಿ ಮೂಲೆಯ ಕಿರಾಣಿ ಅಂಗಡಿಗೆ ಡೇರಿ ಎನ್ನುತ್ತಾರೆ. ಹೋದರೆ ಅಂಗಡಿಯಾಕೆ "ಹಲೋ ಆಂಟಿ" ಎನ್ನುತ್ತಾಳೆ. ಊರಲ್ಲಿ ನಾನು ಅಂಗಡಿಗೆ ಹೋದರೆ ಇದ್ದ ಮಾತೂ ನಿಲ್ಲುತ್ತದೆ. ಮೈದುನನ ಮಗನನ್ನು ಬಾವಿಗೆ ನೂಕಿದವಳೆಂದು ನಲವತ್ತು ವರ್ಷದಿಂದ ಹೆಸರು. ಗುಡಿಯ ದೀಪ ಮುಟ್ಟಿ ಆಣೆ ಮಾಡು ಎಂದು ಪಂಚರು ಹೇಳಿದ್ದರು. ಮಾಡಲಿಲ್ಲ.

ಹೋದ ವಾರ ನಾನು ರೊಟ್ಟಿ ಬಡಿಯುವಾಗ ಹುಡುಗಿ ವಾದ ಒಪ್ಪಿಸಿದಳು. ಅಣ್ಣ ಸತ್ತ ಮೇಲೆ ಅಣ್ಣನ ಇಬ್ಬರು ಮಕ್ಕಳನ್ನು ಕೋಟೆಯಲ್ಲಿಟ್ಟು ಈ ದೊರೆ ತಾನೇ ಪಟ್ಟಕ್ಕೆ ಕುಳಿತ. ಮಕ್ಕಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಎಲುಬು ಈಚೆಗೆ ಕಾರು ನಿಲ್ಲಿಸುವ ಜಾಗದ ಕೆಳಗೆ ಸಿಕ್ಕಿತಂತೆ. ಕಥೆಗಳಲ್ಲಿ ಹೇಳುವಂತೆ ಬೆನ್ನು ಸೊಟ್ಟಗಿದ್ದದ್ದು ನಿಜ. ಕೊಂದನೋ ಇಲ್ಲವೋ ಎಲುಬು ಹೇಳುವುದಿಲ್ಲ.

"ಮಕ್ಕಳು ಇದ್ದಿದ್ರೆ ಹೊರಗೆ ತಂದು ತೋರಿಸಬಹುದಿತ್ತು. ತೋರಿಸ್ಲಿಲ್ಲ, ಸುಮ್ನಿದ್ದ. ಸೋ, ಗಿಲ್ಟಿ."

"ಸುಮ್ನಿದ್ದವ್ರೆಲ್ಲ ಕೊಂದವ್ರೇನ?" ನನ್ನ ದನಿ ಏರಿತು.

ಆಸ್ಪತ್ರೆಗೆ ಹೊರಟಿದ್ದ ಮಗಳು ಚೀಲ ಹಿಡಿದೇ ನಿಂತಳು. ಅವಳು ನರ್ಸು. "ಸಾಕು ಬಿಡವ್ವಾ," ಎಂದಳು. ಕೊಲೆಗಾರ್ತಿಯ ಮಗಳು ಎನಿಸಿಕೊಂಡೇ ಬೆಳೆದವಳು, ಒಂದು ದಿನವೂ ನನ್ನನ್ನು ಕೇಳಿರಲಿಲ್ಲ.

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. "ಅಜ್ಜಿ, ನೀನು ಏನ್ ಮಾಡಿದೆ?"

ಹಂಚಿನ ಮೇಲೆ ರೊಟ್ಟಿ ಸೀದಿತು. ಇಲ್ಲಿಯವು ಕಟ್ಟಿಗೆಯ ಮನೆಗಳು, ಚೂರು ಹೊಗೆಗೂ ಅಲಾರಂ ಕಿರಿಚುತ್ತದೆ. ಊರಲ್ಲಿ ಹೊಗೆ ಕಾಣದಿದ್ದರೆ ಮನೆಯಲ್ಲಿ ಏನಾಯಿತೆಂದು ಕೇಳುತ್ತಾರೆ. ಮಗಳು ಟವೆಲ್ಲು ಬೀಸಿ ಸದ್ದು ನಿಲ್ಲಿಸಿದಳು.

"ನೂಕಿಲ್ಲ," ಎಂದೆ. "ಬೆಲ್ಲ ಕದ್ದಾನಂತ ಹೊಡದೆ. ಅಳ್ಕೋಂತ ಓಡಿದ. ಬಾವಿಗೆ ಕಟ್ಟಿ ಇರ್ಲಿಲ್ಲ. ದೀಪ ಮುಟ್ಟಿ, ನಂದೇನೂ ತಪ್ಪಿಲ್ಲ ಅನ್ನು ಅಂದ್ರು. ಹೆಂಗ ಅನ್ಲಿ?"

ಮಗಳು ಚೀಲ ಕೆಳಗಿಟ್ಟು ಕುರ್ಚಿ ಎಳೆದು ಕುಳಿತಳು. ಬಸ್ಸು ತಪ್ಪಿತು. "ಆವಾಗ್ಲೇ ಹೇಳಾಕ ಏನಾಗಿತ್ತವ್ವಾ?"

"ಯಾರ್ ಕೇಳಿದ್ರು? ಆಣಿ ಮಾಡು ಅಂದ್ರು, ಅಷ್ಟ."

ಹುಡುಗಿ ತನ್ನ ಹಾಳೆಯಲ್ಲಿ ದೊರೆ ಸುಮ್ಮನಿದ್ದ ಎಂಬ ಸಾಲನ್ನು ಹೊಡೆದುಹಾಕಿದಳು. ಶುಕ್ರವಾರ ಖಟ್ಲೆ ಸೋತು ಬಂದಳು. ಚಿತ್ರ ಇನ್ನೂ ಗೋಡೆಯ ಮೇಲಿದೆ, ವಿಭೂತಿಯನ್ನು ಅವಳು ಒರೆಸಿಲ್ಲ.

ಮುಂದಿನ ತಿಂಗಳು ನನ್ನ ವೀಸಾ ಮುಗಿಯುತ್ತದೆ. ಇರು ಎನ್ನುತ್ತಾಳೆ ಮಗಳು. ಇಲ್ಲಿ ಬಾಯಿ ಬಿಟ್ಟು ಹೇಳಿದೆ, ಆದರೆ ಇಲ್ಲಿ ಆ ಬಾವಿಯಿಲ್ಲ, ಮಗನನ್ನು ಕಳೆದುಕೊಂಡ ವಾರಗಿತ್ತಿಯೂ ಇಲ್ಲ. ಅವಳು ಊರಲ್ಲಿದ್ದಾಳೆ, ನಾನು ಬರೆದಿರುವ ಇದನ್ನು ಯಾರಿಂದಲಾದರೂ ಓದಿಸಿ ಕೇಳುತ್ತಾಳೆ. ನಾನು ಊರಿಗೆ ಮರಳಿ ಅಂಗಡಿಗೆ ಬಂದಾಗ ಮಾತು ನಿಲ್ಲಿಸುವವರು ನಿಲ್ಲಿಸಲಿ. ಈ ಸಲ ನಾನೇ ಶುರುಮಾಡುತ್ತೇನೆ.