ಅಳತೆ ಮೀರಿದ ಗಾಲ್ಫ್ ಕೋಲು

ನಮ್ಮ ಗಾಲ್ಫ್ ಕೋಚ್‌ಗೆ ಬಲಗೈ ಕರ್ರಗೆ, ಎಡಗೈ ಬೆಳ್ಳಗೆ. ವರ್ಷಗಟ್ಟಲೆ ಗ್ಲೌಸ್ ಹಾಕಿ ಹಾಗಾದ ಆ ಬಿಳಿ ಕೈ ಮೇಲೆದ್ದರೆ ಯಾರಿಗೋ ಬೈಗುಳ ಕಾದಿದೆ ಎಂದೇ ಅರ್ಥ. ಕೆಂಗೇರಿ ಆಚೆಯ ಅಭ್ಯಾಸದ ಮೈದಾನದಲ್ಲಿ ಹೆಚ್ಚಾಗಿ ಅದು ನನಗೇ ಕಾದಿರುತ್ತಿತ್ತು.

ನನಗೆ ಅವರು ಕೊಟ್ಟದ್ದು ತಮ್ಮದೇ ಹಳೆಯ ಕೋಲುಗಳು. ತೆಳ್ಳನೆಯ ತಲೆ, ತೂಕವೆಲ್ಲ ನಟ್ಟನಡುವೆ. ಚೆಂಡು ಒಂದು ಬೆರಳು ಆಚೀಚೆ ತಾಗಿದರೂ ಅರ್ಧದಾರಿಯಲ್ಲೇ ಬೀಳುತ್ತಿತ್ತು, ಕೈ ಜುಮ್ಮೆನ್ನುತ್ತಿತ್ತು. ಬೆನ್ನು ಟೊಳ್ಳಾಗಿದ್ದು, ತೂಕ ಅಂಚಿಗೆ ಹಂಚಿರುವ ಕೋಲುಗಳೂ ಇವೆ. ಅವು ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಅಪ್ಪ ಅಂಥದ್ದೊಂದನ್ನು ಕೊಂಡು ತಂದಾಗ ಕೋಚ್ ಮುಟ್ಟಿಯೂ ನೋಡಲಿಲ್ಲ.

"ತಪ್ಪು ಮಾಡಿದ್ರೆ ಕೈ ಉರೀಬೇಕು ಸಾರ್. ಇಲ್ಲಾಂದ್ರೆ ಬುದ್ಧಿ ಬರಲ್ಲ," ಎಂದರು. ಶಾಲೆಯಲ್ಲಿ ಮೇಷ್ಟರಾಗಿದ್ದ ಅಪ್ಪ ಹೌದೆಂದು ತಲೆಯಾಡಿಸಿದರು. ಅದಕ್ಕೂ ನನಗೆ ಇನ್ನೂ ಸಿಟ್ಟಿದೆ.

ಅದು ಸಾಲದೆಂಬಂತೆ ನನ್ನ ಚೆಂಡು ಸದಾ ಎಡಕ್ಕೇ ಓಡುತ್ತಿತ್ತು. "ಚೆಂಡಲ್ಲ ಕಣಮ್ಮ, ನಿನ್ನ ಮನಸ್ಸು ಅಡ್ಡದಾರಿ ಹಿಡಿದಿರೋದು," ಎನ್ನುತ್ತಿದ್ದರು ಕೋಚ್. ನಂಬಿದೆ. ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ನಡೆದ ದಿನ, ಕೊನೆಯ ಗುಳಿಯತ್ತ ಹೊಡೆದ ನನ್ನ ಚೆಂಡು ಎಡಕ್ಕೆ ಹಾರಿ ನೀರಿಗೆ ಬಿತ್ತು. ವಯಸ್ಸಿನ ಲೆಕ್ಕದಲ್ಲಿ ಅದೇ ನನಗೆ ಕೊನೆಯ ಅವಕಾಶ, ಅದೂ ಕೈತಪ್ಪಿತು. "ಧೈರ್ಯ ಸಾಲ್ದು ಸಾರ್ ಇವಳಿಗೆ," ಎಂದು ಅಪ್ಪನಿಗೆ ಹೇಳಿ ಹೊರಟುಹೋದರು.

ಆಮೇಲೊಮ್ಮೆ ಕೋಲು ಒರೆಸುವಾಗ ಕಂಡಿತು. ಅದರ ತಲೆಯ ಅಡಿಯಲ್ಲಿ ಹೊಸ ಗೀರುಗಳೆಲ್ಲ ನನ್ನ ಕಾಲಿನ ಕಡೆಯ ಅಂಚಿನಲ್ಲೇ ಇದ್ದವು. ಆಚೆ ಅಂಚು ನೆಲವನ್ನೇ ಮುಟ್ಟಿರಲಿಲ್ಲ. ಆರಡಿ ಆಳಾದ ಕೋಚ್‌ರ ಕೋಲನ್ನು ಗಿಡ್ಡಿಯಾದ ನಾನು ಹಿಡಿದರೆ ಅದರ ತಲೆಯ ತುದಿ ಮೇಲೇಳುತ್ತದೆ, ಚೆಂಡಿಗೆ ತಾಗುವ ಮುಖ ಎಡಕ್ಕೆ ವಾಲುತ್ತದೆ. ನೇರ ಹೊಡೆದರೂ ಚೆಂಡು ಎಡಕ್ಕೇ ಹೋಗುತ್ತದೆ.

ಮಹಾಲಕ್ಷ್ಮಿ ಲೇಔಟ್‌ನ ಅವರ ಮನೆಗೇ ಹೋದೆ. ಕಾಫಿ ಕುಡಿಯುತ್ತಾ ಕೂತಿದ್ದರು.

"ಕೋಲು ನಂಗೆ ಉದ್ದ ಆಗಿತ್ತು ಅಂತ ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿಲ್ದೆ ಏನು? ಬೆಳೆಯೋ ಮಕ್ಳಿಗೆ ಯೂನಿಫಾರ್ಮ್ ಒಂದು ಸೈಜ್ ದೊಡ್ಡದೇ ತಗೊಳಲ್ವಾ? ಎತ್ತರ ಆಗ್ತೀಯ ಅಂದ್ಕೊಂಡಿದ್ದೆ. ನೀನು ಆಗ್ಲಿಲ್ಲ."

ಅದೂ ನನ್ನದೇ ತಪ್ಪು.

ಹೋದ ವರ್ಷ ಕೋಚ್ ತೀರಿಕೊಂಡರು. ರಾಜಾಜಿನಗರದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರೂ ಅವರನ್ನು ಶಿಸ್ತಿನ ಸಿಪಾಯಿ ಎಂದು ಹೊಗಳಿದರು. ಶಿಷ್ಯೆಯೆಂದು ನನ್ನನ್ನೂ ಮಾತಾಡಲು ಕರೆದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಅದಕ್ಕೇ ಕೂತಲ್ಲಿಂದ ಏಳಲಿಲ್ಲ.