ಅಮ್ಮ ಮೈಮೇಲೆ ಬಂದಳೆಂದುಕೊಂಡ ಶುಕ್ರವಾರ

ಕಳೆದ ವರ್ಷ ಶ್ರಾವಣದ ಒಂದು ಶುಕ್ರವಾರ, ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಭಜನೆಯಲ್ಲಿ ದುರ್ಗಮ್ಮನ ಹಾಡು ಹೇಳುತ್ತಿದ್ದಾಗ ನನ್ನ ಮಾತು ನಿಂತುಹೋಯಿತು. ಹಾಡು ಮನಸ್ಸಿನಲ್ಲಿದೆ, ಬಾಯಿಗೆ ಬರುತ್ತಿಲ್ಲ. ಬಲಗೈಯ ತಾಳ ಮಡಿಲಿಗೆ ಜಾರಿತು.

"ಅಯ್ಯೋ, ಅಮ್ಮ ಮೈಮೇಲೆ ಬಂದ್ಲು! ಆರತಿ ತನ್ನಿ ಮಾರಾಯ್ರೆ!" ನೆರೆಮನೆಯ ಶಾರದಕ್ಕ ಕೂಗಿ, ಮೊಬೈಲ್ ಹಿಡಿದು ವೀಡಿಯೊ ತೆಗೆಯತೊಡಗಿದರು. ನನ್ನ ಹಣೆತುಂಬ ಕುಂಕುಮ ಬಿತ್ತು. ಎಲ್ಲರೂ ಕಾಲಿಗೆರಗಿದರು. "ಅಮ್ಮಾ, ನಮ್ಮ ಮಗ ದಿನೇಶನಿಗೆ ಹುಡುಗಿ ಯಾವಾಗ ಸಿಗ್ತಾಳೆ?" ಎಂದು ಶಾರದಕ್ಕ ಕೇಳಿಯೇಬಿಟ್ಟರು. ನಾನು ಗಾಬರಿಯಿಂದ ತಲೆಯಾಡಿಸಿದೆ. "ಈ ವರ್ಷವೇ ಅಂತೆ!" ಎಂದು ಅವರೇ ಸಾರಿದರು.

ಸ್ವಲ್ಪ ಹೊತ್ತಿಗೆ ಮಾತು ಮರಳಿತು. ನನಗೂ ಒಳಗೊಳಗೇ ಹೆಮ್ಮೆ. ನಮ್ಮ ಹೋಟೆಲಿನಿಂದ ಬಂದ ನನ್ನವರಿಗೆ ಹೇಳಿದರೆ, "ಹಾಗಾದ್ರೆ ಇನ್ನು ನಿನ್ನ ಹತ್ರ ಜಗಳ ಮಾಡ್ಲಿಕ್ಕೂ ಇಲ್ವಾ?" ಎಂದು ನಕ್ಕರು.

ಅಷ್ಟರಲ್ಲಿ ಕಾಮೋಠೆಯಿಂದ ಅಣ್ಣನ ಮಗಳು ಸ್ನೇಹಾಳ ಫೋನ್. ಅವಳು ಡಾಕ್ಟರು. ವೀಡಿಯೊ 'ದೇವಿಯ ದರ್ಶನ'ವೆಂದು ವಾಟ್ಸಾಪಿನಲ್ಲಿ ಹರಿದಾಡಿ ಅವಳಿಗೂ ತಲುಪಿತ್ತು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಧ ಹಿಂದಿ. "ಅತ್ತೆ, ಬಾಯಿ ಒಂದ್ ಸೈಡ್ ಸೊಟ್ಟ ಆಗಿದೆ! ಅಭೀ ಕೆ ಅಭೀ, ಈಗಿಂದೀಗ್ಲೇ ಹಾಸ್ಪಿಟಲ್ ನಿಕಲೋ."

"ಇಡ್ಲಿಗೆ ನೆನೆಸಿದ್ದೇನೆ, ರುಬ್ಬಿಟ್ಟು ನಾಳೆ..."

"ಅತ್ತೆ!"

ರಿಕ್ಷಾ ಹಿಡಿದು ಕಲ್ಯಾಣದ ಆಸ್ಪತ್ರೆಗೆ ಹೋದೆವು. ತಲೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ. ಹೃದಯದ ಸ್ಕ್ಯಾನಿನಲ್ಲಿ, ಅಂದರೆ ಎಕೋದಲ್ಲಿ, ಏನೋ ಮಸುಕು. ಗಂಟಲಿನೊಳಗೆ ನಳಿಗೆ ಇಳಿಸಿ ಮತ್ತೆ ಎಕೋ ಮಾಡಿದಾಗ ಕಂಡಿತು: ಹೃದಯದಿಂದ ರಕ್ತ ಹೊರಡುವ ಕವಾಟಕ್ಕೆ ಅಂಟಿಕೊಂಡು, ಹೂಬತ್ತಿಯಂತೆ ತೊಟ್ಟಿನ ಮೇಲೆ ತೂಗುವ ಪುಟ್ಟ ಗಡ್ಡೆ. ಬಹಳ ಅಪರೂಪದ್ದಂತೆ. ಕ್ಯಾನ್ಸರ್ ಇರಲಿಕ್ಕಿಲ್ಲ, ಆದರೆ ಅದರ ಚೂರೊಂದು ಮಿದುಳಿಗೆ ಹೋದದ್ದರಿಂದಲೇ ಮಾತು ನಿಂತಿರಬೇಕು, ಮುಂದಿನ ಸಲ ಮಾತು ಮರಳದೆಯೂ ಇರಬಹುದು ಎಂದರು ಸರ್ಜನ್. ಎದೆ ತೆರೆದು ತೆಗೆಯಬೇಕು. ಬುಡ ಆಳಕ್ಕಿಳಿದಿದ್ದರೆ ಕವಾಟವನ್ನೇ ಬದಲಿಸಬೇಕು.

ನಿನ್ನನ್ನು ಹಾಡಿದ ಬಾಯನ್ನೇ ಕಟ್ಟಿದೆಯಲ್ಲ ಎಂದು ಅಮ್ಮನ ಮೇಲೆ ಸಿಟ್ಟು ಬಂತು. ಆದರೆ ಸ್ಟ್ರೆಚರ್ ಹೊರಟಾಗ ಬೇರೆ ಯಾರನ್ನು ಕರೆಯಲಿ? "ತಾಯೇ, ನೀನು ಕೊಟ್ಟ ಕವಾಟವನ್ನೇ ನನಗೆ ಉಳಿಸಿಕೊಡು" ಎಂದೆ.

ಎಚ್ಚರವಾದಾಗ ಕಿವಿಯ ಬಳಿ ಸ್ನೇಹಾ. "ಅತ್ತೆ, ಗಡ್ಡೆ ತೊಟ್ಟು ಸಮೇತ ಬಂತು. ವಾಲ್ವ್ ನಿಮ್ದೇ, ಒರಿಜಿನಲ್!"

ಬಯಾಪ್ಸಿ ವರದಿಯಲ್ಲೂ ಕ್ಯಾನ್ಸರ್ ಇರಲಿಲ್ಲ. ನನ್ನವರು ಸರ್ಜನರ ಕೈ ಹಿಡಿದುಕೊಂಡು, "ಸಾಬ್, ಹಮಾರಾ ಹೋಟೆಲ್ ಆವೋ, ಮಸಾಲಾ ದೋಸಾ ಲೈಫ್‌ಟೈಮ್ ಫ್ರೀ!" ಎಂದರು. "ರೋಜ್ ಖಾಯಾ ತೋ ಮೇರಾ ಆಪರೇಶನ್ ಕೌನ್ ಕರೇಗಾ?" ದಿನಾ ತಿಂದರೆ ನನ್ನ ಆಪರೇಶನ್ ಮಾಡುವವರು ಯಾರು ಎಂದು ಸರ್ಜನ್ ನಕ್ಕರು.

ಶಾರದಕ್ಕ ಮುಖ ಸಣ್ಣ ಮಾಡಿಕೊಂಡು ನೋಡಲು ಬಂದರು. "ಆವತ್ತು ಅಮ್ಮ ಬರ್ಲೇ ಇಲ್ಲ ಅಲ್ವಾ? ನಾನೊಬ್ಬಳು ಪೆದ್ದಿ."

"ಬರದೆ ಏನು? ನೀವು ವೀಡಿಯೊ ತೆಗೀದೇ ಇದ್ದಿದ್ರೆ ಸ್ನೇಹಾಗೆ ಗೊತ್ತಾಗ್ತಿತ್ತಾ? ನಿಮ್ಮ ಕೈಗೆ ಮೊಬೈಲ್ ಹಿಡಿಸಿದ್ದು ಯಾರು?"

ಶಾರದಕ್ಕ ಚೀಲದಿಂದ ಮೊಬೈಲ್ ತೆಗೆದು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು. ಎದೆಯ ಹೊಲಿಗೆ ನೋಯುತ್ತಿದ್ದರೂ ನಗು ತಡೆಯಲಾಗಲಿಲ್ಲ.

ಬಂಧುಗಳೇ, ಭಜನೆಯಲ್ಲಿ ಯಾರದಾದರೂ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಆರತಿಗೆ ಅಮ್ಮ ಕಾಯುತ್ತಾಳೆ. ನನ್ನ ಆರತಿಗೂ ಕಾದಿದ್ದಾಳೆ, ಆ ಕರುಣಾಮಯಿ.